ಎತ್ತಿಕೊಂಡು ಹೋದ ಮೇಲೆ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ಕಂಡ. ತನ್ನ ನಾಡಿನ ಕುಸ್ತಿಗೂ ಇದಕ್ಕೂ ಹೋಲಿಕೆಯೇ ಇಲ್ಲವೆನ್ನಿಸಿತು ಅವನಿಗೆ. ಇಲ್ಲಿ ಪಟ್ಟುಗಳ ಜೊತೆಗೆ ಏಟೂ ಇತ್ತು. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖದ ಗುರುತೇ ಸಿಗದಂತೆ ಮಾಡುವ ಏಟು. ಅಲ್ಲಲ್ಲಿ ಕೆಲವರಿಗೆ ಮಾತೇ ನಿಂತುಹೋಗಿ, ಗೆಳೆಯರು ಅವರನ್ನು ಎತ್ತಿಕೊಂಡು ಹೋಗುತ್ತಿದ್ದರೆಂದು ಬರೆದಿಟ್ಟ. ಅಷ್ಟು ಬರೆದವನ ಕಣ್ಣು ಕೂಡಲೇ ತೀರ್ಪುಗಾರರ ಕಡೆ ಹೊರಳುತ್ತದೆ. ಜೋಡಿ ಸರಿಸಮ ಇದೆಯೇ ಎಂದು ನೋಡುವವರು ಅವರೇ, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುವವರೂ ಅವರೇ. ಮಾತು ನಿಂತವನನ್ನು ಎತ್ತಿಕೊಂಡು ಎಲ್ಲಿಗೆ ಹೋದರು, ರಾತ್ರಿ ಅವನಿಗೆ ಪ್ರಜ್ಞೆ ಬಂತೇ, ದೀಪಾವಳಿಯ ಹೊತ್ತಿಗಾದರೂ ಅವನ ತಲೆನೋವು ಬಿಟ್ಟಿತ್ತೇ? ಪಾಯೆಸ್ ಹೇಳುವುದಿಲ್ಲ.

ಅವನೊಬ್ಬನನ್ನೇ ದೂರಿ ಫಲವಿಲ್ಲ. ತಲೆಗೆ ಬಿದ್ದ ಏಟಿನ ಚರಿತ್ರೆ ಎಲ್ಲ ಕಾಲದಲ್ಲೂ ಇಲ್ಲಿಗೇ ನಿಂತಿದೆ. ಬಿದ್ದದ್ದು ದಾಖಲಾಗುತ್ತದೆ, ಎತ್ತಿದ್ದು ದಾಖಲಾಗುತ್ತದೆ. ಆಮೇಲಿನ ವಾರಗಳು, ತಿಂಗಳುಗಳು ಮನೆಯೊಳಗೇ ಉಳಿದುಬಿಡುತ್ತವೆ. ಬಿದ್ದವನು ಮಗುವಾದರಂತೂ ಕೇಳುವುದೇ ಬೇಡ.

ಹಂಪಿಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಆ ಮಲ್ಲರು ಇಂದಿಗೂ ಇದ್ದಾರೆ. ಆನೆ, ಕುದುರೆ, ಬೇಟೆಗಾರರು, ಕುಣಿಯುವ ಹೆಣ್ಣುಗಳ ಸಾಲಿನ ನಡುವೆ ತೊಡೆಗೆ ತೊಡೆ ಕೊಟ್ಟು ನಿಂತ ಜೋಡಿಗಳು. ಐನೂರು ವರ್ಷದ ಬಿಸಿಲು ಮಳೆಗೆ ಮೂಗು ಬಾಯಿ ಸವೆದರೂ ಹಿಡಿತ ಸಡಿಲಾಗಿಲ್ಲ. ಶಿಲ್ಪಿ ಕೆತ್ತಿದ್ದು ಹೋರಾಟದ ಆ ಗಳಿಗೆಯನ್ನು, ಬಿದ್ದವನ ಮರುದಿನವನ್ನಲ್ಲ.

ಪಾಯೆಸ್ ಬಂದುಹೋದ ಸುಮಾರು ಹದಿನೈದು ವರ್ಷಕ್ಕೆ ಬಂದ ಫೆರ್ನಾವೊ ನುನಿಜ್ ಕುದುರೆ ವ್ಯಾಪಾರಿ. ಅವನ ಲೆಕ್ಕದಲ್ಲಿ ಹಬ್ಬದ ಕುಸ್ತಿಗೆಂದೇ ಅರಸನ ಬಳಿ ಸಾವಿರ ಮಂದಿ ಜಟ್ಟಿಗಳಿದ್ದರು. ಅವರಿಗೆ ರಾಜ್ಯದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ಮುಳ್ಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು. ಹೆಚ್ಚು ಗಾಯವಾದವನಿಗೆ ಅರಸನಿಂದ ರೇಷ್ಮೆ ಬಟ್ಟೆಯ ಉಡುಗೊರೆ. ಗಾಯವೇ ಗೌರವದ ಅಳತೆಗೋಲಾಗಿದ್ದ ಕಾಲ ಅದು. ಹರಿದ ಚರ್ಮ, ಸುರಿದ ರಕ್ತ ಎಲ್ಲರಿಗೂ ಕಾಣುತ್ತಿತ್ತು, ಅದಕ್ಕೆ ಬೆಲೆಯೂ ಇತ್ತು. ಒಳಗೇ ಅಲುಗಿದ್ದಕ್ಕೆ ಬೆಲೆ ಕಟ್ಟುವವರು ಯಾರು?

ಮುಳ್ಳುಬಳೆ ಹಿಡಿದ ಈ ಕಾಳಗವೇ ವಜ್ರಮುಷ್ಟಿ. ವಿಜಯನಗರ ಅಳಿದ ಮೇಲೆ ಅದರ ಮಹಾನವಮಿ ಶ್ರೀರಂಗಪಟ್ಟಣಕ್ಕೆ ಹೋಯಿತು. 1610ರಲ್ಲಿ ರಾಜ ಒಡೆಯರು ಅಲ್ಲಿ ದಸರೆ ಆರಂಭಿಸಿದರು. ಮುಂದೆ ಅದು ಮೈಸೂರಿನದಾಯಿತು, ಜೊತೆಗೆ ಜಟ್ಟಿಗಳೂ ನಡೆದರು. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಇಂದಿಗೂ ಜೋಡಿ ಕಟ್ಟುತ್ತಾರೆ. ಒಬ್ಬನ ನೆತ್ತಿಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲಿಸುತ್ತಾರೆ. ಮೊದಲ ಹನಿಗೆ ಮುಗಿಯುವ ಈ ಪದ್ಧತಿ ಪಾಯೆಸ್ ಕಂಡದ್ದಕ್ಕಿಂತ ಎಷ್ಟೋ ಮೃದು. ನೋಡಿದವರ ಎದೆ ಝಲ್ಲೆನ್ನುವುದು ಮಾತ್ರ ತಪ್ಪಿಲ್ಲ.

ಜಟ್ಟಿಗಳ ವಿಷಯದಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. ಏಟು ಕೊಡುತ್ತಿದ್ದ ಕೈಯೇ ಮದ್ದನ್ನೂ ಮಾಡುತ್ತಿತ್ತು. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್, ಜಟ್ಟಿಗಳು ಜಾರಿದ ಕೀಲನ್ನು ಕೂರಿಸುವುದರಲ್ಲಿ, ಎಣ್ಣೆ ನೀವುವುದರಲ್ಲಿ ಗಟ್ಟಿಗರೆಂದು ದಾಖಲಿಸಿದ್ದಾನೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯ ಗರಡಿ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಉಳುಕಿದ ಕಾಲು, ಜಾರಿದ ಭುಜ ಎಂದರೆ ಊರವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಗರಡಿಯ ಗುರುಗಳಾದ ವಸ್ತಾದರನ್ನೇ.

ಗರಡಿಯ ಒಳಹೊಕ್ಕು ನೋಡಿದರೆ ಮಕ್ಕಳ ಕುರಿತ ಕಾಳಜಿ ನೆಲದಲ್ಲೇ ಕಾಣುತ್ತದೆ. ಬಾಗಿಲು ತಗ್ಗು, ತಲೆ ಬಗ್ಗಿಸಿಯೇ ಹೋಗಬೇಕು. ಒಳಗೆ ಮಂದ ಬೆಳಕು, ಮೂಲೆಯಲ್ಲಿ ಹನುಮಪ್ಪ, ಗೋಡೆಗೆ ಒರಗಿದ ಗದೆಗಳು. ನಡುವೆ ಅಖಾಡ. ಅದರ ಮಟ್ಟಿ ಬರೀ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರ ಬೆರೆಸಿ, ದಿನವೂ ಕೆದಕಿ ಮೇಲೆ ಕೆಳಗೆ ಮಾಡಿದರೆ ಅದು ಹದಕ್ಕೆ ಬರುತ್ತದೆ. ಹಿಡಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಮೊದಲ ಸಲ ಮಟ್ಟಿಗಿಳಿದ ಎಂಟು ಹತ್ತು ವರ್ಷದ ಹುಡುಗನಿಗೆ ಪಟ್ಟು ಹಾಕುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಹಿಂದಲೆ ನೆಲಕ್ಕೆ ತಾಗದ ಹಾಗೆ ಬೀಳಬೇಕು. ಏಟಿಗೆ ಮೆದುಳು ಅಲುಗುವುದನ್ನು ಹೇಳುವ ಕನ್ಕಶನ್ ಎಂಬ ಪದ ಊರಿಗೆ ಬರುವ ಎಷ್ಟೋ ಮುಂಚೆ ಅದನ್ನು ತಡೆಯುವ ಪಾಠ ಇಲ್ಲಿತ್ತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅದೂ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಎಳೆಯರನ್ನು ಬಲಿತವರ ಎದುರು ಬಿಡಬಾರದೆಂಬ ಎಚ್ಚರ ಈ ನೆಲದಲ್ಲಿ ಅಷ್ಟು ಹಳೆಯದು.

ಆದರೆ ವಸ್ತಾದರ ಬೆರಳಿಗೆ ಸಿಗುತ್ತಿದ್ದುದು ಮೂಳೆ, ಕೀಲು, ನರದ ಬಿಗಿತ. ತಲೆಬುರುಡೆಯೊಳಗೆ ಮೆದುಳು ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ನಿಂತಾಗ ಅಥವಾ ಸರ್ರನೆ ತಿರುಗಿದಾಗ ಮೆದುಳು ಒಳಗೇ ಕುಲುಕುತ್ತದೆ. ಅದರ ಸೂಕ್ಷ್ಮ ತಂತುಗಳು ಜಗ್ಗಿಹೋಗುತ್ತವೆ, ಜೀವಕೋಶಗಳ ರಾಸಾಯನಿಕ ಸಮತೋಲನ ತಪ್ಪುತ್ತದೆ. ಹೊರಗೆ ಒಂದು ಗೀರೂ ಇಲ್ಲದೆ ಇಷ್ಟೆಲ್ಲ ಆಗಬಹುದು. ಯಾವ ಬೆರಳಿಗೂ ಇದು ಸಿಗದು.

ಹಳಬರು ಇದನ್ನು ಅರಿಯದೆ ಇರಲಿಲ್ಲ. ಸುಶ್ರುತ ಸಂಹಿತೆ ಎಣಿಸುವ 107 ಮರ್ಮಗಳಲ್ಲಿ 37 ಕೊರಳು ಮತ್ತು ಅದರ ಮೇಲಿನ ಭಾಗದಲ್ಲಿವೆ. ತಲೆಬುರುಡೆಯ ಸಂದುಗಳಲ್ಲಿರುವ ‘ಸೀಮಂತ’ ಮರ್ಮಗಳಿಗೆ ಪೆಟ್ಟಾದರೆ ಉನ್ಮಾದ, ಭಯ, ಚಿತ್ತನಾಶಗಳಿಂದ ಸಾವು ಬರುತ್ತದೆ ಎನ್ನುತ್ತದೆ ಆ ಗ್ರಂಥ. ತಲೆಯ ಪೆಟ್ಟು ಮನಸ್ಸನ್ನು ಕದಡುತ್ತದೆ ಎಂಬ ಮಾತು ಅಲ್ಲಿದೆ. ಪರ್ಷಿಯಾದ ವೈದ್ಯ ಅಲ್ ರಾಜಿ ಕ್ರಿ.ಶ. 900ರ ಆಸುಪಾಸಿನಲ್ಲಿ, ಮೆದುಳು ಹರಿಯದೆ ಬರೀ ಅಲುಗಿದ ಸ್ಥಿತಿಯನ್ನು ಬೇರೆಯಾಗಿಯೇ ಗುರುತಿಸಿದ. ಅದು ತಾತ್ಕಾಲಿಕ, ಸರಿಹೋಗುತ್ತದೆ ಎಂದ. ಬಹುಪಾಲು ಸರಿಯೇ. ಸರಿಹೋಗದೆ ಉಳಿದವರ ಪಾಡು ಮಾತ್ರ ಸಾವಿರ ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ.

ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿಯ ಕಡೆ ಅಂಜನಾದ್ರಿ. ಹನುಮಂತ ಹುಟ್ಟಿದ ಬೆಟ್ಟವೆಂದು ಈ ಸೀಮೆಯ ಜನ ನಂಬುವ ಜಾಗ. ಸೂರ್ಯನನ್ನು ಹಣ್ಣೆಂದು ಬಗೆದು ನೆಗೆದ ಕೂಸಿನ ದವಡೆಗೆ ಇಂದ್ರ ವಜ್ರಾಯುಧದಿಂದ ಹೊಡೆದ, ಕೂಸು ಬೆಟ್ಟದ ಮೇಲೆ ಪ್ರಜ್ಞೆ ತಪ್ಪಿ ಬಿತ್ತು ಎಂಬುದು ರಾಮಾಯಣದ ಉತ್ತರಕಾಂಡದ ಕಥೆ. ಹನುಮ ಎಂಬ ಹೆಸರು ಬಂದದ್ದೇ ಆ ಹನುವಿನಿಂದ, ದವಡೆಯಿಂದ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ತಂದೆ ವಾಯು ಮಗುವನ್ನು ಎತ್ತಿಕೊಂಡು ಗುಹೆಯೊಳಗೆ ಹೋಗಿ ಕೂತುಬಿಟ್ಟ. ಲೋಕದಲ್ಲಿ ಗಾಳಿ ನಿಂತಿತು, ಉಸಿರು ಕಟ್ಟಿತು, ದೇವತೆಗಳೇ ಆ ಗುಹೆಗೆ ಬರಬೇಕಾಯಿತು. ಮಗು ಎದ್ದು ಕೂರುವವರೆಗೆ ಅಪ್ಪ ಕದಲಲಿಲ್ಲ. ಪಾಯೆಸ್ ಬರೆಯದೆ ಬಿಟ್ಟ ಭಾಗವನ್ನು ಬಿಡದೆ ಹೇಳಿದ ಕಥೆ ಇದೊಂದೇ ಇರಬೇಕು, ಅದೂ ಮಹಾನವಮಿ ದಿಬ್ಬದ ಸೀಮೆಯಲ್ಲೇ! ಪ್ರತಿ ಗರಡಿಯ ಮೂಲೆಯಲ್ಲಿ ನಿಂತಿರುವ ದೇವರು ಬಾಲ್ಯದಲ್ಲಿ ತಲೆಗೆ ಏಟು ತಿಂದವನು ಎಂಬುದು ಹೊಳೆದಾಗ ಆ ಮೂರ್ತಿಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಮನೆಮಂದಿಗೆ ತಮ್ಮದೇ ಭಾಷೆಯಿತ್ತು. ಮಗು ಜಗಲಿಯಿಂದಲೋ ಹುಣಸೆಮರದಿಂದಲೋ ಬಿದ್ದರೆ ನೆತ್ತಿಗೆ ಹರಳೆಣ್ಣೆ ತಟ್ಟಿ, ಊದಿದಲ್ಲಿ ತಣ್ಣೀರು ಬಟ್ಟೆ ಇಟ್ಟು, ದೃಷ್ಟಿ ತೆಗೆಯುತ್ತಿದ್ದರು. ಮೂರು ದಿನವಾದರೂ ಮಗು ಗೆಲುವಾಗದಿದ್ದರೆ ‘ಅಂಜಿಕೊಂಡೈತಿ’ ಎಂದು ಗುಡಿಗೋ ದರ್ಗಾಕ್ಕೋ ಕರೆದೊಯ್ದು ತಾಯತ ಕಟ್ಟಿಸುತ್ತಿದ್ದರು. ತಲೆ ಧಿಮ್ಮನ್ನುವುದು, ಕಣ್ಣಿಗೆ ಕತ್ತಲೆ ಕಟ್ಟುವುದು, ಮಂಕು ಬಡಿಯುವುದು: ಈ ಮೂರು ಮಾತಿನಲ್ಲಿ ಇಂದಿನ ವೈದ್ಯರ ಲಕ್ಷಣಪಟ್ಟಿಯ ಅರ್ಧವೇ ಅಡಗಿದೆ. ಅವೆಲ್ಲಕ್ಕಿಂತ ನಿಖರವಾದ ಮಾತು ಅಡುಗೆಮನೆಯಲ್ಲಿ ತಾಯಿಯೊಬ್ಬಳು ತನ್ನ ಅತ್ತೆಗೆ ಹೇಳುವಂಥದ್ದು: “ಅತ್ತಿ, ಬಿದ್ದಾಗಿಂದ ಹುಡುಗ ಮೊದಲಿನಂಗ ಇಲ್ರಿ.” ವೈದ್ಯಶಾಸ್ತ್ರ ಈ ವಾಕ್ಯದ ಹತ್ತಿರ ಬರಲು ಬಹಳ ಕಾಲ ಹಿಡಿಯಿತು.

ಅದು ಬಂದ ದಾರಿಯೂ ಕುತೂಹಲದ್ದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ರೈಲು ಅಪಘಾತದಲ್ಲಿ ಬದುಕಿ ಉಳಿದವರು ತಿಂಗಳುಗಟ್ಟಲೆ ತಲೆನೋವು, ನಿದ್ದೆಗೇಡು, ಮರೆವು ಎನ್ನುತ್ತಿದ್ದರು. ಮೈಮೇಲೆ ಗಾಯವಿಲ್ಲ. ಪರಿಹಾರದ ಹಣಕ್ಕಾಗಿ ನಾಟಕ ಆಡುತ್ತಾರೆಂದು ಅನುಮಾನ. ಜಾನ್ ಎರಿಕ್ ಎರಿಕ್ಸನ್ ಎಂಬ ಶಸ್ತ್ರವೈದ್ಯ 1866ರಲ್ಲಿ ಅವರ ಪರವಾಗಿ ಪುಸ್ತಕವನ್ನೇ ಬರೆದ. ಏಟಿನ ನಂತರ ಉಳಿಯುವ ಈ ಲಕ್ಷಣಗಳ ಗುಂಪಿಗೆ ಕನ್ಕಶನ್ ನಂತರದ ಸಿಂಡ್ರೋಮ್ ಎಂಬ ಹೆಸರು ಬಿದ್ದದ್ದು 1934ರಲ್ಲಿ. ಆ ಹೊತ್ತಿಗೆ ಹೊಸಪೇಟೆಗೆ ರೈಲು ಬಂದು ದಶಕಗಳೇ ಕಳೆದಿದ್ದವು. ಅದು ಸೇರಿದ್ದ ಬಳ್ಳಾರಿ ಜಿಲ್ಲೆ ಇನ್ನೂ ಮದರಾಸು ಪ್ರಾಂತ್ಯದಲ್ಲಿತ್ತು.

ಎರಡು ವರ್ಷದ ನಂತರ ಬಂದ ಇನ್ನೊಂದು ವಿಚಾರ ಮಕ್ಕಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತು. 1936ರಲ್ಲಿ ಅಮೆರಿಕದ ಮಾರ್ಗರೆಟ್ ಕೆನ್ನಾರ್ಡ್ ಕೋತಿಗಳ ಮೇಲಿನ ಪ್ರಯೋಗದಲ್ಲಿ, ಮೆದುಳಿಗೆ ಹಾನಿಯಾದ ಮರಿಗಳು ಬಲಿತ ಕೋತಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದನ್ನು ಕಂಡರು. ಅವರ ಮಾತು ಎಚ್ಚರಿಕೆಯದೇ ಆಗಿತ್ತು. ಅದನ್ನು ಎತ್ತಿಕೊಂಡವರು ಮಾತ್ರ ‘ಎಳೆಯ ಮೆದುಳು ತಾನೇ ಕೂಡಿಕೊಳ್ಳುತ್ತದೆ’ ಎಂದು ಸೂತ್ರ ಮಾಡಿಬಿಟ್ಟರು. ‘ಮಕ್ಕಳ ಗಾಯ ಬೇಗ ಮಾಯುತ್ತದೆ’ ಎಂಬ ನಮ್ಮ ಮನೆಮಾತಿಗೂ ಇದಕ್ಕೂ ಚೆನ್ನಾಗಿ ಹೊಂದಿಕೆಯಾಯಿತು. ಮೊಣಕಾಲ ತರಚುಗಾಯಕ್ಕೆ ಆ ಮಾತು ನಿಜ. ಮೆದುಳು ಹಾಗಲ್ಲ. ಅದು ಇನ್ನೂ ಕಟ್ಟುತ್ತಿರುವ ಮನೆ. ಬೆಳೆಯುತ್ತಿರುವಾಗ ಆದ ಪೆಟ್ಟಿನ ಪರಿಣಾಮ ಕೆಲವೊಮ್ಮೆ ಓದು, ಗಮನ, ನಡವಳಿಕೆಗಳಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಆಮೇಲಿನ ಅಧ್ಯಯನಗಳು ತಿಳಿಸಿವೆ.

ಈ ನಡುವೆ ಊರುಗಳೇ ಬದಲಾದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದು ಕಂಪ್ಲಿಯ ಕಡೆ ಭತ್ತ, ಕಬ್ಬು ಹಬ್ಬಿದವು. ಅದೇ ವರ್ಷ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯ ಸೇರಿತು. 1961ರಲ್ಲಿ ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂತು. ಮನಸ್ಸು ಮತ್ತು ನರರೋಗಗಳ ಆಸ್ಪತ್ರೆಯಾದ ಬೆಂಗಳೂರಿನ ನಿಮ್ಹಾನ್ಸ್ ಈಗಿನ ರೂಪ ಪಡೆದದ್ದು 1974ರಲ್ಲಿ. ತಲೆಗೆ ಪೆಟ್ಟಾದವರನ್ನು ರಾತ್ರೋರಾತ್ರಿ 300 ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಸಾಗಿಸುವುದು ಈ ಭಾಗದ ಎಷ್ಟೋ ಮನೆಗಳ ನೆನಪಿನಲ್ಲಿದೆ. ಆಮೇಲೆ ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಹೊರಟ ಲಾರಿಗಳ ಸಾಲು ಹೊಸಪೇಟೆಯ ರಸ್ತೆಗಳನ್ನು ನುಂಗಿಹಾಕಿತು. ಅದಿರಿನ ದೂಳಿಗೆ ಮರದ ಎಲೆ, ಶಾಲೆಯ ಗೋಡೆ, ಮಕ್ಕಳ ಬಿಳಿ ಅಂಗಿ ಎಲ್ಲವೂ ಕೆಂಪು. ಹುಡುಗರು ಬೀಳುತ್ತಿದ್ದುದು ಅಖಾಡದ ಹದವಾದ ಮಟ್ಟಿಯ ಮೇಲಲ್ಲ, ಡಾಂಬರಿನ ಮೇಲೆ. ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತ ಕೂಸಿಗೆ ಹೆಲ್ಮೆಟ್ ತೊಡಿಸುವುದು ಯಾರ ಯೋಚನೆಯಲ್ಲೂ ಇರಲಿಲ್ಲ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಬೆಲ್ಟ್ ಕಡ್ಡಾಯ ಮಾಡುವ ಕೇಂದ್ರದ ನಿಯಮ ಪ್ರಕಟವಾದದ್ದು 2022ರ ಫೆಬ್ರುವರಿಯಲ್ಲಿ. ಜಾರಿಯಾದದ್ದು ಅದರ ಮರುವರ್ಷ.

2011ರ ಜುಲೈ ಕೊನೆಯಲ್ಲಿ ಎರಡು ಘಟನೆಗಳು ಒಟ್ಟಿಗೇ ನಡೆದವು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇತ್ತ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ತಲೆಮಾರುಗಳಿಂದ ಮನೆ, ಅಂಗಡಿ ಕಟ್ಟಿಕೊಂಡಿದ್ದವರನ್ನು ಬುಲ್ಡೋಜರ್ ತಂದು ತೆರವುಗೊಳಿಸಲಾಯಿತು. ವಿರೂಪಾಕ್ಷನ ತೇರು ಸಾಗುವ ಆ ಮುಕ್ಕಾಲು ಕಿಲೋಮೀಟರ್ ಬೀದಿಯಲ್ಲಿ ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಆಡಿ, ಬಂಡೆಯಿಂದ ಬಂಡೆಗೆ ಜಿಗಿದು ಬೆಳೆದ ಮಕ್ಕಳಿಗೆ ಕಡ್ಡಿರಾಂಪುರದ ಕಡೆ ಹೊಸ ನೆಲೆ ತೋರಿಸಿದರು. ಬಜಾರ್ ಖಾಲಿಯಾಯಿತು. ಯಾರ ಮಗ ಯಾವ ಜಗಲಿಯಿಂದ ಬಿದ್ದ, ಎಷ್ಟು ದಿನ ಮಂಕಾಗಿದ್ದ ಎಂಬ ನೆನಪುಗಳೂ ಆ ಜನರ ಗಂಟುಮೂಟೆಯ ಜೊತೆಗೇ ಹೋದವು.

ಮಕ್ಕಳಲ್ಲಿ ಏಟಿನ ನಂತರ ಏನಾಗುತ್ತದೆಂದು ದೊಡ್ಡ ಪ್ರಮಾಣದಲ್ಲಿ ಬೆನ್ನುಹತ್ತಿ ನೋಡಿದ್ದು ತೀರ ಇತ್ತೀಚೆಗೆ. ಕೆನಡಾದ 9 ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಕನ್ಕಶನ್ ಆಗಿ ಬಂದ 5ರಿಂದ 18 ವರ್ಷದೊಳಗಿನ 3,063 ಮಕ್ಕಳನ್ನು ದಾಖಲಿಸಿಕೊಂಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 28 ದಿನಗಳ ನಂತರವೂ ಲಕ್ಷಣ ಉಳಿದಿದ್ದುದು ಸರಿಸುಮಾರು ಮೂವರಲ್ಲಿ ಒಬ್ಬರಿಗೆ. ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸಲಾಗದಿರುವುದು, ನಿದ್ದೆಯ ಏರುಪೇರು, ಬೇಗ ದಣಿಯುವುದು, ಸಿಡುಕು, ಓದಿದ್ದು ತಲೆಗೆ ಹತ್ತದಿರುವುದು. ಸ್ಕ್ಯಾನ್ ಮಾಡಿಸಿದರೆ ಇವು ಯಾವುವೂ ಕಾಣುವುದಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ನೋಡಿದ ಸಿಟಿ ಯಂತ್ರ ರಕ್ತಸ್ರಾವ ಹಿಡಿಯುವುದರಲ್ಲಿ ಎತ್ತಿದ ಕೈ. ಜೀವ ಉಳಿಸಿದ ಯಂತ್ರ ಅದು. ಕುಲುಕಿದ ಮೆದುಳಿನ ದಣಿವು ಅದರ ಕಣ್ಣಿಗೆ ಬೀಳದು. ‘ಸ್ಕ್ಯಾನ್ ನಾರ್ಮಲ್’ ಎಂದರೆ ಆಪತ್ತಿಲ್ಲ ಎಂದಷ್ಟೇ ಅರ್ಥ. ಮನೆಗೆ ಬರುವಷ್ಟರಲ್ಲಿ ಅದು ‘ಏನೂ ಆಗಿಲ್ಲ’ ಎಂದಾಗಿರುತ್ತದೆ. ತರಗತಿಯಲ್ಲಿ ಬೋರ್ಡು ನೋಡಿದರೆ ಕಣ್ಣು ಚುಚ್ಚುತ್ತದೆ ಎನ್ನುವ ಹುಡುಗಿ ನೆಪ ಹೇಳುತ್ತಾಳೆ ಎನ್ನಿಸಿಕೊಳ್ಳುವುದು ಅಲ್ಲಿಂದಲೇ. ರೈಲು ಅಪಘಾತದವರ ಮೇಲೆ ಬಿದ್ದ ಅದೇ ಅನುಮಾನ ಈಗ ಹತ್ತು ವರ್ಷದ ಮಗುವಿನ ಮೇಲೆ. ಇದು ಅನ್ಯಾಯ.

ಆರೈಕೆಯ ಪದ್ಧತಿಯೂ ಬದಲಾಗಿದೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಒಂದು ಕಾಲದ ಸಲಹೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 5 ದಿನ ಕಟ್ಟುನಿಟ್ಟಾಗಿ ವಿಶ್ರಾಂತಿ ಪಡೆದ ಮಕ್ಕಳು, ಯುವಜನರು, ಒಂದೆರಡು ದಿನ ವಿಶ್ರಾಂತಿ ಪಡೆದು ಮೆಲ್ಲಗೆ ಓಡಾಡಿದವರಿಗಿಂತ ಹೆಚ್ಚು ಲಕ್ಷಣಗಳನ್ನು ಹೇಳಿಕೊಂಡರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಕ್ರೀಡಾ ವೈದ್ಯರ ಸಮಾವೇಶದ ಒಮ್ಮತವೂ ಇದೇ: ಮೊದಲ 24ರಿಂದ 48 ಗಂಟೆ ಹಗುರವಾದ ವಿಶ್ರಾಂತಿ, ಅದರ ಜೊತೆಗೇ ಮೆಲ್ಲನೆ ನಡಿಗೆ, ಆಮೇಲೆ ಹಂತಹಂತವಾಗಿ ಶಾಲೆ, ಕೊನೆಗೆ ವೈದ್ಯರು ಒಪ್ಪಿದ ಮೇಲಷ್ಟೇ ಮೈಗೆ ಮೈ ತಾಗುವ ಆಟ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಮಾತು ತೊದಲುವುದು, ಕೈಕಾಲಿನ ಬಲ ಕುಗ್ಗುವುದು ಕಂಡರೆ ಮಾತ್ರ ಹರಳೆಣ್ಣೆಗೂ ತಾಯತಕ್ಕೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಂತಹಂತವಾಗಿ ಎಂಬುದು ಗರಡಿಗೆ ಹೊಸ ಮಾತಲ್ಲ. ಮುರಿದ ಕೈ ಕೂಡಿದ ಹುಡುಗನನ್ನು ಯಾವ ವಸ್ತಾದರೂ ಮರುದಿನವೇ ಜೋಡಿಗೆ ಇಳಿಸುವುದಿಲ್ಲ. ಮೊದಲು ಮಟ್ಟಿ ಕೆದಕುವ ಕೆಲಸ, ಆಮೇಲೆ ಹತ್ತು ಬೈಠಕ್, ಹತ್ತು ದಂಡ, ತಿಂಗಳು ಕಳೆದ ಮೇಲೆ ಹಗುರ ಸಾಮು. ತಲೆಗೆ ಏಟಾದ ಹುಡುಗನಿಗೂ ಅದೇ ಲೆಕ್ಕ ಸಾಕು. ಒಂದು ವಾರ ಶಾಲೆಯಲ್ಲಿ ಅರ್ಧ ದಿನ, ಕಿಟಕಿಯ ಬಿಸಿಲು ಬೀಳದ ಬೆಂಚು, ಕಡಿಮೆ ಹೋಂವರ್ಕ್. ಸಂಜೆ ಗೆಳೆಯರು ಲಂಗೋಟಿ ಕಟ್ಟಿ ಮಟ್ಟಿಗಿಳಿದಾಗ ಅವನು ಅಖಾಡದ ಕಟ್ಟೆಯ ಮೇಲೆ ಕೂತು ನೋಡುತ್ತಾನೆ. ವಸ್ತಾದ್ ನಡುನಡುವೆ ಅವನ ಕಡೆ ತಿರುಗಿ ಕೇಳುತ್ತಾರೆ: “ಏನಪ್ಪಾ, ಇವತ್ತು ತಲಿ ಹೆಂಗೈತಿ?”